ಮೊಂಬಾಸಾದಿಂದ ಕೇಪ್‌ಟೌನ್‌ವರೆಗೆ ಸ್ವಂತ ಗಾಡಿಯಲ್ಲಿ: ಹೊರಡೋ ಮುಂಚೆ ಏನೇನು ಆಗ್ಬೇಕು?

ಘಾಟಿ_ಗಾಡಿ

ಎಲ್ಲರಿಗೂ ನಮಸ್ಕಾರ. ಇಬ್ಬರು, ಒಂದು ಫಾರ್ಚೂನರ್ 4×4 (2.8 ಡೀಸೆಲ್, ಬಿಎಸ್-6, ಬೆಂಗಳೂರು ನೋಂದಣಿ). ಮುಂಬೈ ಹತ್ತಿರದ ನ್ಹಾವಾ ಶೇವಾ ಬಂದರಿನಿಂದ ಮೊಂಬಾಸಾಕ್ಕೆ ಕಂಟೇನರ್‌ನಲ್ಲಿ ಕಳಿಸಿ, ಜೂನ್ ಮೊದಲ ವಾರ ಅಲ್ಲಿಂದ ಹೊರಟು ಸೆಪ್ಟೆಂಬರ್ ಕೊನೆಗೆ ಕೇಪ್‌ಟೌನ್ ತಲುಪೋ ಯೋಚನೆ. ಕೀನ್ಯಾ, ಟಾಂಜಾನಿಯಾ, ಜಾಂಬಿಯಾ, ಬೋಟ್ಸ್‌ವಾನಾ, ನಮೀಬಿಯಾ, ದಕ್ಷಿಣ ಆಫ್ರಿಕಾ. ಕೈರೋದಿಂದ ಶುರು ಮಾಡೋ ಆಸೆ ಇತ್ತು, ಸುಡಾನ್‌ನಲ್ಲಿ 2023ರ ಏಪ್ರಿಲ್‌ನಿಂದ ಯುದ್ಧ, ಹಾಗಾಗಿ ಅದು ಬಿಟ್ಟಾಯ್ತು.

ಸ್ಟೀಲ್ ಬಂಪರ್, ವಿಂಚ್ (ಸಿಕ್ಕಿಕೊಂಡ ಗಾಡಿ ಎಳೆಯೋ ಮೋಟಾರ್ ರಾಟೆ), ರೂಫ್ ಟೆಂಟ್, ಹಿಂದೆ ಡ್ರಾಯರ್ ಸಿಸ್ಟಮ್, ಇಷ್ಟಕ್ಕೂ ಕೊಟೇಶನ್ ತಗೊಂಡಿದ್ದೀವಿ. ಅಡ್ವಾನ್ಸ್ ಕೊಡೋ ಮುಂಚೆ ಗೊತ್ತಿರೋರು ಒಂದ್ಸಲ ನೋಡಿ ಹೇಳಿ. ಏನಾದ್ರೂ ಬಿಟ್ಟಿದ್ದೀವಾ?

ಕಾಗದಪತ್ರ

ಅಡ್ವಾನ್ಸ್ ಕೊಡಬೇಡಿ. ದುಡ್ಡು ಬೇಕಾಗೋದು ಕಾರ್ನೆಟ್‌ಗೆ.

ಕಾರ್ನೆಟ್ ಡಿ ಪ್ಯಾಸಾಜ್ ಅಂದ್ರೆ ಗಾಡಿಯ ಪಾಸ್‌ಪೋರ್ಟ್ ಅಂದ್ಕೊಳ್ಳಿ. ಗಾಡಿಯನ್ನ ಒಂದು ದೇಶಕ್ಕೆ ತಾತ್ಕಾಲಿಕವಾಗಿ ತಂದು ಮತ್ತೆ ಹೊರಗೆ ಒಯ್ಯುತ್ತೀನಿ, ಮಾರಿದ್ರೆ ಅಲ್ಲಿನ ಸುಂಕ ನನ್ನ ಗ್ಯಾರಂಟಿಯಿಂದ ಹೋಗಲಿ ಅಂತ ಬರೆದುಕೊಟ್ಟ ಹಾಗೆ. ಭಾರತದಲ್ಲಿ ಇದನ್ನ ಕೊಡೋದು ಮುಂಬೈನ ವೆಸ್ಟರ್ನ್ ಇಂಡಿಯಾ ಆಟೋಮೊಬೈಲ್ ಅಸೋಸಿಯೇಷನ್. ಗಾಡಿ ಬೆಲೆಯ ಲೆಕ್ಕದಲ್ಲಿ ಬ್ಯಾಂಕ್ ಗ್ಯಾರಂಟಿ ಕೇಳ್ತಾರೆ. ಫಾರ್ಚೂನರ್ ಬೆಲೆಗೆ ಅದು ಸಣ್ಣ ಮೊತ್ತ ಅಲ್ಲ, ವಾಪಸ್ ಬರೋವರೆಗೆ ಆ ಹಣ ಕಟ್ಟಿಹಾಕಿದ ಹಾಗೇ. ಅದಕ್ಕೇ ಮೊದಲು ಇದು, ಆಮೇಲೆ ಬಂಪರ್.

ಪ್ರತಿ ಪುಟದಲ್ಲೂ ಮೂರು ಭಾಗ. ಕೆಳಗಿನದನ್ನ ಪ್ರವೇಶದ ಕಸ್ಟಮ್ಸ್ ಹರಿದುಕೊಳ್ಳುತ್ತೆ, ಮಧ್ಯದ್ದನ್ನ ನಿರ್ಗಮನದ ಕಸ್ಟಮ್ಸ್, ಮೇಲಿನದು ನಿಮ್ಮ ಹತ್ತಿರ ಉಳಿಯುತ್ತೆ, ಅದರ ಮೇಲೆ ಎರಡು ಮುದ್ರೆ ಬಿದ್ದಿರಬೇಕು. ಒಂದೇ ಮುದ್ರೆ ಇದ್ರೆ ಗಾಡಿ ಇನ್ನೂ ಆ ದೇಶದಲ್ಲೇ ಇದೆ ಅಂತ ಅರ್ಥ, ಗ್ಯಾರಂಟಿ ಬಿಡುಗಡೆ ಆಗಲ್ಲ. ಗಡಿ ಕಚೇರಿಯ ಕೌಂಟರ್ ಬಿಡೋ ಮುಂಚೆ ಮುದ್ರೆ, ತಾರೀಖು, ಸಹಿ ಮೂರನ್ನೂ ನೋಡಿ, ಫೋಟೋ ತೆಗೆದುಕೊಳ್ಳಿ.

5, 10, 25 ಪುಟದ ಪುಸ್ತಕ ಸಿಗುತ್ತೆ. ನಿಮ್ಮ ರೂಟ್‌ಗೆ ಐದೇ ಸಾಕು ಅನ್ಸುತ್ತೆ, ಯಾಕಂದ್ರೆ ಬೋಟ್ಸ್‌ವಾನಾ, ನಮೀಬಿಯಾ, ದಕ್ಷಿಣ ಆಫ್ರಿಕಾ, ಲೆಸೋಥೋ, ಎಸ್ವಾಟಿನಿ ಐದೂ ಒಂದೇ ಸುಂಕ ಒಕ್ಕೂಟ, ಒಂದೇ ಪುಟ. ಆದರೂ ಹತ್ತು ಪುಟದ್ದೇ ತಗೊಳ್ಳಿ. ದಾರಿಯಲ್ಲಿ ಮಲಾವಿಗೋ ಉಗಾಂಡಾಕ್ಕೋ ಹೋಗೋ ಮನಸ್ಸಾದ್ರೆ ಪುಟ ಬೇಕು. ಬೋಟ್ಸ್‌ವಾನಾಕ್ಕೆ ಒಳಗೆ ಬರುವಾಗ ಹಾಕಿದ ಪುಟದ ನಿರ್ಗಮನ ಚೀಟಿಯನ್ನ ನಮೀಬಿಯಾ ಗಡಿಯಲ್ಲಿ ಹರಿಯೋಕೆ ಬಿಡಬೇಡಿ. ಅದು ಹರಿಯಬೇಕಾದ್ದು ಕೇಪ್‌ಟೌನ್ ಬಂದರಿನಲ್ಲಿ, ಗಾಡಿ ಹಡಗು ಹತ್ತುವಾಗ. ಗೊತ್ತಿಲ್ಲದ ಅಧಿಕಾರಿ ಮಧ್ಯದಲ್ಲೇ ಹರಿದುಬಿಟ್ರೆ ಮುಂದಿನ ಗಡಿಯಲ್ಲಿ ಹೊಸ ಪುಟ ಹಾಕಿಸಬೇಕಾಗುತ್ತೆ. ಹತ್ತರ ಪುಸ್ತಕ ಬೇಕು ಅನ್ನೋದಕ್ಕೆ ಇದೂ ಒಂದು ಕಾರಣ.

ಇನ್ನು ಚಿಕ್ಕ ವಿಷಯಗಳು, ಆದರೆ ಗಾಡಿ ನಿಲ್ಲೋದು ಇಲ್ಲೇ. ಆರ್‌ಸಿಯಲ್ಲಿರೋ ಹೆಸರು, ಕಾರ್ನೆಟ್‌ನಲ್ಲಿರೋ ಹೆಸರು, ಪಾಸ್‌ಪೋರ್ಟ್‌ನಲ್ಲಿರೋ ಹೆಸರು ಅಕ್ಷರಶಃ ಒಂದೇ ಇರಬೇಕು. ನಮ್ಮಲ್ಲಿ ಇನಿಷಿಯಲ್ ಒಂದರಲ್ಲಿ ಮುಂದೆ, ಇನ್ನೊಂದರಲ್ಲಿ ಬಿಡಿಸಿ ಹಿಂದೆ ಇರೋದು ಮಾಮೂಲು. ಅದನ್ನ ಆರ್‌ಟಿಓದಲ್ಲಿ ಈಗಲೇ ಸರಿ ಮಾಡಿಸಿ. ಸಾಲ ಇದ್ರೆ ಬ್ಯಾಂಕಿನ ಎನ್‌ಓಸಿ. ಎಂಜಿನ್ ನಂಬರ್, ಚಾಸಿ ನಂಬರ್ ಗಾಡಿಯ ಮೇಲಿರೋದಕ್ಕೇ ಹೋಲಿಸಿ ನೋಡಿ, ಆರ್‌ಸಿಗಲ್ಲ, ಆರ್‌ಸಿಯಲ್ಲೇ ತಪ್ಪಿರುತ್ತೆ. ಹಿಂದಿನ ಗಾಜಿನ ಮೇಲೆ ಐಎನ್‌ಡಿ ಅಂತ ಮೊಟ್ಟೆಯಾಕಾರದ ಸ್ಟಿಕ್ಕರ್. ಅಂತರರಾಷ್ಟ್ರೀಯ ಚಾಲನಾ ಪರವಾನಗಿ ಇಬ್ಬರಿಗೂ ಮಾಡಿಸಿ, ಸಾರಥಿ ಪೋರ್ಟಲ್‌ನಲ್ಲಿ ಅರ್ಜಿ, ಫೀ 1,000 ರೂಪಾಯಿ, ಅವಧಿ ಒಂದು ವರ್ಷ.

ಘಾಟಿ_ಗಾಡಿ

ತುಂಬಾ ಥ್ಯಾಂಕ್ಸ್ ಮೇಡಂ. ಇಲ್ಲಿನ ಇನ್ಶೂರೆನ್ಸ್ ಅಲ್ಲಿಗೆ ವಿಸ್ತರಿಸಬಹುದಾ?

ಕಾಗದಪತ್ರ

ಆಗಲ್ಲ. ನಮ್ಮ ಮೋಟಾರ್ ಪಾಲಿಸಿಯ ಭೌಗೋಳಿಕ ವಿಸ್ತರಣೆ ನೇಪಾಳ, ಭೂತಾನ್, ಬಾಂಗ್ಲಾದೇಶ, ಶ್ರೀಲಂಕಾ, ಮಾಲ್ಡೀವ್ಸ್, ಪಾಕಿಸ್ತಾನಕ್ಕೆ ಮಾತ್ರ. ಮೊಂಬಾಸಾದಲ್ಲಿ ಇಳಿದ ತಕ್ಷಣ ಸ್ಥಳೀಯ ಥರ್ಡ್ ಪಾರ್ಟಿ ತಗೊಂಡು, ಅದರ ಜೊತೆಗೇ ಕೊಮೆಸಾ ಯೆಲ್ಲೋ ಕಾರ್ಡ್ (ಆ ಭಾಗದ ಹಲವು ದೇಶಗಳಲ್ಲಿ ನಡೆಯೋ ಥರ್ಡ್ ಪಾರ್ಟಿ ಇನ್ಶೂರೆನ್ಸ್ ಕಾರ್ಡ್) ಮಾಡಿಸಿ. ಟಾಂಜಾನಿಯಾ, ಜಾಂಬಿಯಾ, ಮಲಾವಿ, ಜಿಂಬಾಬ್ವೆಗೆ ಅದೇ ಸಾಕು. ಕಾರ್ಡಿನ ಹಿಂದೆ ದೇಶಗಳ ಪಟ್ಟಿ ಇರುತ್ತೆ, ಹೋಗೋ ದೇಶಕ್ಕೆ ಅದು ಅನ್ವಯ ಆಗುತ್ತಾ ಅಂತ ಅಲ್ಲೇ ನೋಡಿಕೊಳ್ಳಿ. ಬೋಟ್ಸ್‌ವಾನಾ, ನಮೀಬಿಯಾ, ದಕ್ಷಿಣ ಆಫ್ರಿಕಾದಲ್ಲಿ ಅಪಘಾತದಲ್ಲಿ ಗಾಯಗೊಂಡವರ ಪರಿಹಾರಕ್ಕೆ ಸರ್ಕಾರಿ ನಿಧಿ ಇದೆ, ಅದರ ಹಣ ಪೆಟ್ರೋಲ್, ಡೀಸೆಲ್ ಮೇಲಿನ ಲೆವಿಯಿಂದ ಬರುತ್ತೆ. ಆದರೆ ಎದುರಿನ ಗಾಡಿಗೆ ಆದ ಹಾನಿ ಅದರಲ್ಲಿ ಬರಲ್ಲ. ನಿಮ್ಮ ಗಾಡಿಯ ಹಾನಿಗೆ ಪ್ರತ್ಯೇಕ ಪಾಲಿಸಿ ಮಾಡಿಸದಿದ್ರೆ ಅದೂ ನಿಮ್ಮದೇ.

ನೈರೋಬಿ_ಮಾವ

ತಿಂಗಳು ಸರಿಯಾಗಿ ಹಿಡಿದಿದ್ದೀರಿ. ಕೀನ್ಯಾ ಮತ್ತು ಉತ್ತರ ಟಾಂಜಾನಿಯಾದ ದೊಡ್ಡ ಮಳೆ ಮಾರ್ಚ್‌ನಿಂದ ಮೇ, ಜಾಂಬಿಯಾದಿಂದ ಕೆಳಗೆ ನವೆಂಬರ್‌ನಿಂದ ಮಾರ್ಚ್. ಜೂನ್‌ನಲ್ಲಿ ಹೊರಟ್ರೆ ಎರಡರ ಮಧ್ಯೆ ಒಣ ದಾರಿ ಸಿಗುತ್ತೆ. ಕೇಪ್‌ನ ಮಳೆ ಮಾತ್ರ ಉಲ್ಟಾ, ಜೂನ್‌ನಿಂದ ಆಗಸ್ಟ್. ಸೆಪ್ಟೆಂಬರ್ ಕೊನೆಗೆ ತಲುಪಿದ್ರೆ ಅದೂ ತಪ್ಪುತ್ತೆ. ಒಂದು ವಿಷಯ ಜನ ಮರೀತಾರೆ: ಜುಲೈನಲ್ಲಿ ಬೋಟ್ಸ್‌ವಾನಾ, ನಮೀಬಿಯಾದಲ್ಲಿ ರಾತ್ರಿ ಸೊನ್ನೆ ಡಿಗ್ರಿ ಹತ್ತಿರ ಇಳಿಯುತ್ತೆ. ಆಫ್ರಿಕಾ ಅಂದ್ರೆ ಬಿಸಿಲು ಅಂದ್ಕೊಂಡು ತೆಳು ಸ್ಲೀಪಿಂಗ್ ಬ್ಯಾಗ್ ತರಬೇಡಿ.

ಮುಖ್ಯ ದಾರಿ ಹೀಗೆ. ಮೊಂಬಾಸಾ–ನೈರೋಬಿ ಸುಮಾರು 485 ಕಿ.ಮೀ., ಲಾರಿ ಸಾಲೇ ಸಾಲು, ಓವರ್‌ಟೇಕ್‌ಗೆ ಆತುರ ಬೇಡ. ನೈರೋಬಿಯಿಂದ ನಮಂಗಾ ಗಡಿ ದಾಟಿ ಅರೂಷಾ. ಅಲ್ಲಿಂದ ಡೊಡೋಮಾ, ಇರಿಂಗಾ, ಎಂಬೆಯಾ, ಟುಂಡುಮಾ. ಗಡಿ ಆಚೆ ಜಾಂಬಿಯಾದ ನಕೊಂಡೆ. ಆಮೇಲೆ ಗ್ರೇಟ್ ನಾರ್ತ್ ರೋಡ್ ಹಿಡಿದು ಎಂಪಿಕಾ, ಕಪಿರಿ ಎಂಪೋಶಿ, ಲುಸಾಕಾ, ಲಿವಿಂಗ್‌ಸ್ಟನ್. ಕಜುಂಗುಲಾದಲ್ಲಿ ಮೊದಲು ಫೆರಿಗೆ ಕಾಯಬೇಕಿತ್ತು, 2021ರ ಮೇನಲ್ಲಿ 923 ಮೀಟರ್ ಸೇತುವೆ ಆಗಿದೆ, ಈಗ ನೇರ ಬೋಟ್ಸ್‌ವಾನಾ. ಕಸಾನೆ, ನಾಟಾ, ಮೌನ್, ಘಾಂಜಿ, ಮಮುನೋ ಗಡಿ, ವಿಂಡ್‌ಹುಕ್, ನೂರ್ಡೋವರ್, ಕೇಪ್‌ಟೌನ್. ಈ ಆರೂ ದೇಶಗಳಲ್ಲಿ ನಮ್ಮ ಹಾಗೇ ಎಡಗಡೆ ಓಡಾಟ. ರುವಾಂಡಾಕ್ಕೆ ಹೋದ್ರೆ ಬಲಗಡೆ.

ನೇರ ಹೋದ್ರೆ ಆರು ಸಾವಿರ ಚಿಲ್ಲರೆ ಕಿ.ಮೀ., ಅಡ್ಡದಾರಿ ಸೇರಿ ಹತ್ತು ಸಾವಿರ ಇಟ್ಕೊಳ್ಳಿ. ದಿನಕ್ಕೆ 350 ಕಿ.ಮೀ.ಗಿಂತ ಜಾಸ್ತಿ ಹಾಕಬೇಡಿ. ಸಂಜೆ ಐದಕ್ಕೆ ಗಾಡಿ ನಿಂತಿರಬೇಕು. ಕತ್ತಲಾದ್ಮೇಲೆ ಲೈಟಿಲ್ಲದ ಲಾರಿ, ದನ, ಸೈಕಲ್. ರಸ್ತೆ ಮೇಲೆ ಹಸಿ ಸೊಪ್ಪಿನ ರೆಂಬೆ ಸಾಲಾಗಿ ಬಿದ್ದಿದ್ರೆ ಮುಂದೆ ಗಾಡಿ ಕೆಟ್ಟು ನಿಂತಿದೆ ಅಂತ ಅರ್ಥ. ತಿರುವಿಗೆ ಮುಂಚೆ ಕಂಡರೆ ಆಗಲೇ ಬ್ರೇಕ್, ಲಾರಿ ಕಾಣಲಿ ಅಂತ ಕಾಯಬೇಡಿ.

ಟುಂಡುಮಾದಲ್ಲಿ ಲಾರಿ ಸಾಲು ಕಿಲೋಮೀಟರ್‌ಗಟ್ಟಲೆ ಇರುತ್ತೆ, ನೀವು ಅದರ ಹಿಂದೆ ನಿಲ್ಲೋ ಅಗತ್ಯ ಇಲ್ಲ, ಸಣ್ಣ ಗಾಡಿ ಪಕ್ಕದಿಂದ ಮುಂದೆ ಹೋಗುತ್ತೆ. ‘ನಾನು ಮಾಡಿಸಿಕೊಡ್ತೀನಿ’ ಅಂತ ಕಿಟಕಿಗೆ ಜೋತುಬೀಳೋರು ಬರ್ತಾರೆ. ಬೇಡ ಅನ್ನಿ. ಕ್ರಮ ಸುಲಭ: ಇಮಿಗ್ರೇಷನ್, ಕಸ್ಟಮ್ಸ್‌ನಲ್ಲಿ ಕಾರ್ನೆಟ್, ಆಮೇಲೆ ಜಾಂಬಿಯಾದ ಕಾರ್ಬನ್ ತೆರಿಗೆ, ರೋಡ್ ಟೋಲ್, ಕೌನ್ಸಿಲ್ ಲೆವಿ. ಪ್ರತಿಯೊಂದಕ್ಕೂ ರಸೀದಿ ಇಟ್ಕೊಳ್ಳಿ, ಮುಂದೆ ಚೆಕ್‌ಪೋಸ್ಟ್‌ನಲ್ಲಿ ಕೇಳ್ತಾರೆ. ಗಡಿ ದಾಟಿದ್ರೆ ಗಡಿಯಾರ ಒಂದು ಗಂಟೆ ಹಿಂದಕ್ಕೆ.

ಸ್ಪ್ಯಾನರ್_14

ಈಗ ಗಾಡಿಗೆ ಬರೋಣ. ನಿಮ್ಮ ಆರ್ಡರ್ ಪಟ್ಟಿ ತೂಕಕ್ಕೆ ಹಾಕಿ ನೋಡಿದ್ದೀರಾ?

ಇಬ್ಬರು 150 ಕೆ.ಜಿ. ರೂಫ್ ರ್ಯಾಕ್ 35. ರೂಫ್ ಟೆಂಟ್ 60. ಫ್ರಿಜ್ ಒಳಗಿನ ಸಾಮಾನು ಸೇರಿ 37. ಎರಡನೇ ಬ್ಯಾಟರಿ 28. ನೀರು 50 ಲೀಟರ್, 50 ಕೆ.ಜಿ. ಡೀಸೆಲ್ ಕ್ಯಾನ್ ಎರಡು 43 (20 ಲೀಟರ್ ಡೀಸೆಲ್ ಸುಮಾರು 17, ಖಾಲಿ ಕ್ಯಾನ್ ನಾಲ್ಕೂವರೆ). ಡ್ರಾಯರ್ 60. ಎರಡನೇ ಸ್ಟೆಪ್ನಿ 35. ಟೂಲ್ಸು, ಬಿಡಿಭಾಗ 50. ರಿಕವರಿ ಸಾಮಾನು 35. ಅಡುಗೆ, ದಿನಸಿ 40. ಬಟ್ಟೆಬರೆ 40. ಒಟ್ಟು 663. ಅದರ ಮೇಲೆ ಬಂಪರ್, ವಿಂಚ್ ಸೇರಿ 95. 758 ಆಯ್ತು.

ಫಾರ್ಚೂನರ್ 4×4 ಹೊರೋದು ಹೆಚ್ಚುಕಮ್ಮಿ 550ರಿಂದ 600. ನಿಮ್ಮ ಗಾಡಿಯ ಲೆಕ್ಕ ಬಾಗಿಲ ಕಂಬದ ಪ್ಲೇಟಲ್ಲಿ ಇರೋ ಒಟ್ಟು ತೂಕದಿಂದ ಖಾಲಿ ಗಾಡಿಯ ತೂಕ ಕಳೆದ್ರೆ ಸಿಗುತ್ತೆ. ಬಂಪರ್, ವಿಂಚ್, ಡ್ರಾಯರ್ ಮೂರೂ ಕೈಬಿಟ್ಟು, ರೂಫ್ ಟೆಂಟ್ ಬದಲು 10 ಕೆ.ಜಿ.ಯ ನೆಲದ ಟೆಂಟ್ ತಗೊಂಡ್ರೆ 553ಕ್ಕೆ ಇಳಿಯುತ್ತೆ. ಅಲ್ಲಿಗೆ ಗಾಡಿ ಉಸಿರಾಡುತ್ತೆ.

ಜಾಸ್ತಿ ತೂಕ ಹಾಕಿದ್ರೆ ಏನಾಗುತ್ತೆ ಅಂದ್ರೆ, ಟಾರ್ ರೋಡಲ್ಲಿ ಏನೂ ಆಗಲ್ಲ. ಮಣ್ಣು ರಸ್ತೆಯಲ್ಲಿ ಮೇಲ್ಮೈ ತಗಡಿನ ಶೀಟಿನ ಹಾಗೆ ಏರಿಳಿತ ಕಟ್ಟಿರುತ್ತೆ. ಗಂಟೆಗಟ್ಟಲೆ ಆ ಅದುರಾಟದಲ್ಲಿ ಶಾಕ್ ಅಬ್ಸಾರ್ಬರ್ ಒಳಗಿನ ಎಣ್ಣೆ ಕಾದು ನೊರೆ ಕಟ್ಟುತ್ತೆ, ಹಿಡಿತ ಹೋಗುತ್ತೆ, ಸೀಲ್ ಒಡೆಯುತ್ತೆ. ಶಾಕ್ ಸತ್ತ ಮೇಲೆ ಪೆಟ್ಟೆಲ್ಲ ಸ್ಪ್ರಿಂಗಿಗೆ, ಬುಶ್‌ಗೆ, ಕೊನೆಗೆ ರೂಫ್ ರ್ಯಾಕ್ ಕಾಲಿಗೆ. ರ್ಯಾಕ್ ಕಾಲು ಬಿರುಕು ಬಿಡೋದು ಯಾವಾಗಲೂ ಮೇಲೆ ಡೀಸೆಲ್ ಕ್ಯಾನೋ ಸ್ಟೆಪ್ನಿಯೋ ಇಟ್ಟವರಿಗೇ. ಚಾವಣಿಯ ತೂಕದ ಮಿತಿ ಮ್ಯಾನುಯಲ್‌ನಲ್ಲಿದೆ, ಅದರಲ್ಲಿ ರ್ಯಾಕ್‌ನ ತೂಕವೂ ಸೇರಿದೆ. ಮೇಲೆ ಹಗುರದ್ದು ಮಾತ್ರ: ಟೆಂಟ್, ಕುರ್ಚಿ, ಮರಳಿನ ಹಲಗೆ (ಮರಳಲ್ಲಿ ಹೂತ ಚಕ್ರದ ಕೆಳಗೆ ಇಡೋದು).

ಎಲ್ಲ ತುಂಬಿ, ಟ್ಯಾಂಕ್ ಫುಲ್ ಮಾಡಿ, ಇಬ್ಬರೂ ಕೂತು ವೇಬ್ರಿಡ್ಜ್‌ಗೆ ಹೋಗಿ. ಮುಂದಿನ ಚಕ್ರ ಮಾತ್ರ ಹತ್ತಿಸಿ ಒಂದ್ಸಲ, ಹಿಂದಿನದು ಮಾತ್ರ ಒಂದ್ಸಲ. ಒಟ್ಟು ಮಿತಿಯೊಳಗೆ ಇದ್ರೂ ಹಿಂದಿನ ಆಕ್ಸಲ್ ಮೀರಿರುತ್ತೆ, ಸಾಮಾನ್ಯವಾಗಿ ತಪ್ಪೋದು ಅಲ್ಲೇ.

ಹುಬ್ಬಳ್ಳಿ_ಗ್ಯಾರೇಜ್

ವಿಂಚ್ ಬ್ಯಾಡ ಅಂದ್ದು ಖರೇ ಐತ್ರಿ. ಈ ರೂಟಿನ್ಯಾಗ ವಿಂಚ್ ಕಟ್ಟಾಕ ಗಿಡಾನ ಇಲ್ಲದ ಜಾಗಾದಾಗ ಸಿಕ್ಕೊಳ್ಳೂದು. ಸಲಿಕಿ, ಮರಳಿನ ಹಲಗಿ ಎರಡು, 9 ಮೀಟರ್ ಎಳಿಯೂ ಬೆಲ್ಟು, 4.75 ಟನ್ನಿನ ಶಾಕಲ್ ಎರಡು, ಟೈರ್ ಗಾಳಿ ಪಂಪ್. ಮುಗೀತು. ಜಾಕಿ ಕೆಳಗ ಇಡಾಕ ಒಂದ ಫೂಟಿನ ದಪ್ಪ ಪ್ಲೈವುಡ್ ತುಂಡು ಮರೀಬ್ಯಾಡ್ರಿ, ಇಲ್ಲಂದ್ರ ಮರಳಿನ್ಯಾಗ ಜಾಕಿ ಇಳೀತೈತಿ, ಗಾಡಿ ಏಳೂದಿಲ್ಲ. ಎಳಿಯೂ ಬೆಲ್ಟನ್ನ ಟೋಯಿಂಗ್ ಬಾಲಿಗೆ (ಹಿಂದ ಟ್ರೇಲರ್ ಸಿಗಸೂ ಗುಂಡು) ಮಾತ್ರ ಹಾಕಬ್ಯಾಡ್ರಿ. ಬಾಲ್ ಮುರದು ಗುಂಡಿನಂಗ ಹಾರತೈತಿ, ಅದರಿಂದ ಮಂದಿ ಸತ್ತಾರ.

ಆದ್ರ ನನ್ನ ತಕರಾರು ಬ್ಯಾರೆ. ಬಿಎಸ್-6 ಗಾಡಿ ಯಾಕ್ರಿ? ಆ ಕಡೆ ಡೀಸೆಲ್ ಎಂಥಾದ್ದು ಸಿಗತೈತಿ ಅಂತ ನೋಡೀರೇನು? ಒಂದ ಹಳೇ ಮೆಕ್ಯಾನಿಕಲ್ ಪಂಪಿನ ಗಾಡಿ ತಗೊಂಡು ಹೋಗ್ರಿ.

ಸ್ಪ್ಯಾನರ್_14

ಅಣ್ಣಾ, ಅರ್ಧ ಒಪ್ತೀನಿ. ಬಿಎಸ್-6 ಡೀಸೆಲ್‌ನಲ್ಲಿ ಗಂಧಕ 10 ಪಿಪಿಎಂ, ಅಂದ್ರೆ ಹತ್ತು ಲಕ್ಷದಲ್ಲಿ 10 ಭಾಗ. ಪೂರ್ವ ಆಫ್ರಿಕಾ ದೇಶಗಳ ಮಾನದಂಡ 2015ರಿಂದ 50. ದಕ್ಷಿಣ ಆಫ್ರಿಕಾದಲ್ಲಿ 50ರ ಪಕ್ಕದಲ್ಲೇ 500ರದ್ದೂ ಮಾರ್ತಾರೆ, ಪಂಪಿನ ಮೇಲೆ ಬರೆದಿರುತ್ತೆ, ಓದಿ ಹಾಕಿಸಬೇಕು. 50ರಲ್ಲಿ ಡಿಪಿಎಫ್ (ಹೊಗೆಯ ಮಸಿ ಹಿಡಿಯೋ ಫಿಲ್ಟರ್) ಒಂದೇ ದಿನಕ್ಕೆ ಕಟ್ಟಿಕೊಳ್ಳಲ್ಲ. ಆದರೆ ಮಸಿ ಸುಡೋ ರೀಜೆನ್ ಬೇಗ ಬೇಗ ಬರಬಹುದು. ರೀಜೆನ್ ಅರ್ಧಕ್ಕೆ ನಿಂತ್ರೆ ಡೀಸೆಲ್ ಎಂಜಿನ್ ಆಯಿಲ್‌ಗೆ ಇಳಿಯುತ್ತೆ, ಡಿಪ್‌ಸ್ಟಿಕ್‌ನಲ್ಲಿ ಮಟ್ಟ ಏರುತ್ತೆ. ಆಯಿಲ್ ಕಮ್ಮಿಯಾದ್ರೆ ಎಲ್ಲರೂ ನೋಡ್ತಾರೆ, ಜಾಸ್ತಿಯಾದ್ರೆ ಯಾರೂ ಗಾಬರಿಯಾಗಲ್ಲ. ಜಾಸ್ತಿಯಾಗೋದೇ ಅಪಾಯ.

ಹಾಗಾಗಿ: ಪಾರ್ಕ್‌ಗಳಲ್ಲಿ ಎರಡು ಮೂರು ದಿನ ನಿಧಾನ ಓಡಿಸಿದ ಮೇಲೆ ಅರ್ಧ ಗಂಟೆ ಟಾರ್ ರೋಡಲ್ಲಿ 80ರಲ್ಲಿ ಓಡಿಸಿ, ರೀಜೆನ್ ಪೂರ್ತಿ ಆಗಲಿ. ಆಯಿಲ್ 10,000ಕ್ಕೆ ಅಲ್ಲ, 5,000 ಕಿ.ಮೀ.ಗೆ ಬದಲಿಸಿ. ಕಡಿಮೆ ಬೂದಿಯ ಆಯಿಲೇ ಬೇಕು, ಲಾರಿ ಆಯಿಲ್ ಹಾಕಿದ್ರೆ ಡಿಪಿಎಫ್ ಬೂದಿಯಿಂದ ತುಂಬುತ್ತೆ, ಬೂದಿ ಯಾವ ರೀಜೆನ್‌ನಲ್ಲೂ ಸುಡಲ್ಲ. ಎಂಪಿಕಾದಂಥ ಊರಲ್ಲಿ ಆ ಗ್ರೇಡ್ ಹುಡುಕೋದು ಕಷ್ಟ. ಒಂದು ಸಲಕ್ಕೆ ಏಳೂವರೆ ಲೀಟರ್ ಬೇಕು, ಒಂದು ಬದಲಿಗೆ ಆಗೋಷ್ಟು ಜೊತೆಗಿರಲಿ, ಉಳಿದದ್ದು ನೈರೋಬಿ, ಲುಸಾಕಾ, ವಿಂಡ್‌ಹುಕ್‌ನಲ್ಲಿ. ಒಂದು ಓಬಿಡಿ ಸ್ಕ್ಯಾನರ್ (ಗಾಡಿಯ ಕಂಪ್ಯೂಟರ್‌ಗೆ ಜೋಡಿಸೋ ಸಾಧನ) ಇಟ್ಕೊಳ್ಳಿ, ಬಲವಂತದ ರೀಜೆನ್ ಮಾಡಿಸೋಕೆ ಬರೋದು, ಬರೀ ಕೋಡ್ ಓದೋದಲ್ಲ.

ಡಿಪಿಎಫ್‌ಗಿಂತ ಜಾಸ್ತಿ ಕಾಟ ಕೊಡೋದು ಡೀಸೆಲ್‌ನಲ್ಲಿರೋ ನೀರು. ಕಾಮನ್ ರೇಲ್ ಇಂಜೆಕ್ಟರ್‌ಗೆ ನೀರು ಹೋದ್ರೆ ಕಥೆ ಮುಗೀತು. ಫಿಲ್ಟರ್ ನಾಲ್ಕು ತನ್ನಿ. ಡ್ಯಾಶ್‌ನಲ್ಲಿ ಫಿಲ್ಟರ್ ಲೈಟ್ ಬಂದ್ರೆ ಅಲ್ಲೇ ನಿಲ್ಲಿಸಿ, ಕೆಳಗಿನ ತಿರುಪು ಸಡಿಲಿಸಿ ನೀರು ಬಸಿಯಿರಿ. ಬಸಿದದ್ದನ್ನ ಗಾಜಿನ ಬಾಟಲಿಯಲ್ಲಿ ಹಿಡಿದು ಹತ್ತು ನಿಮಿಷ ಬಿಡಿ, ನೀರು ತಳಕ್ಕೆ ಪ್ರತ್ಯೇಕ ನಿಲ್ಲುತ್ತೆ. ತಳದಲ್ಲಿ ಒಂದು ಬೆರಳಷ್ಟು ಇದ್ರೆ ಆ ಬಂಕಿನ ಡೀಸೆಲ್ ಪೂರ್ತಿ ಕೆಟ್ಟಿದ್ದು, ಟ್ಯಾಂಕ್ ಇಳಿಸಿ. ಟ್ಯಾಂಕರ್ ನಿಂತು ಇಳಿಸ್ತಾ ಇರೋ ಬಂಕಲ್ಲಿ ಹಾಕಿಸಬೇಡಿ, ತಳದ ಕೆಸರು ಕದಡಿರುತ್ತೆ.

ಬಿಡಿಭಾಗ: ಏರ್ ಫಿಲ್ಟರ್ 2, ಆಯಿಲ್ ಫಿಲ್ಟರ್ 2, ಫ್ಯಾನ್ ಬೆಲ್ಟ್ 1, ರೇಡಿಯೇಟರ್ ಹೋಸ್ ಮೇಲಿನದು ಕೆಳಗಿನದು, ಹಿಂದಿನ ಶಾಕ್ ಒಂದು ಜೊತೆ, ಮುಂದಿನ ಲೋವರ್ ಬಾಲ್ ಜಾಯಿಂಟ್, ಸಿವಿ ಬೂಟ್ ಮತ್ತು ಕ್ಲಿಪ್, ಬ್ರೇಕ್ ಪ್ಯಾಡ್, ವೀಲ್ ಸ್ಟಡ್ ನಟ್ ಆರು, ಫ್ಯೂಸು, ರಿಲೇ, ಕೂಲೆಂಟ್ 4 ಲೀಟರ್, ಎಂ-ಸೀಲ್, ಕಟ್ಟೋ ತಂತಿ. ಎರಡನೇ ಕೀ ಗಾಡಿ ಒಳಗೆ ಅಲ್ಲ, ಇನ್ನೊಬ್ಬರ ಕುತ್ತಿಗೆಯಲ್ಲಿ.

ಹುಬ್ಬಳ್ಳಿ_ಗ್ಯಾರೇಜ್

ಇಷ್ಟೆಲ್ಲಾ ಮಾಡಬೇಕಂದ್ರ ಹಳೇ ಗಾಡಿನ ಚಲೋ ಅಂದಂಗ ಆತಲ್ರಿ! ಇರ್ಲಿ. ಟೈರಿನ ವಿಚಾರ ಹೇಳ್ತೀನಿ. ನಿಮ್ಮ ಗಾಡೀದು 265/60 ಆರ್ 18. ಸಣ್ಣ ಊರಾಗ 18 ಇಂಚಿಂದು ಸಿಗೂದು ದುರ್ಲಭ. 265/65 ಆರ್ 17ಕ್ಕ ಬದಲಿ ಮಾಡ್ರಿ. ಎರಡರ ವ್ಯಾಸ ಹೆಚ್ಚೂಕಡಿಮಿ ಒಂದ, 775 ಮತ್ತ 776 ಮಿ.ಮೀ., ಸ್ಪೀಡೋಮೀಟರ್ ತಪ್ಪಂಗಿಲ್ಲ. ರಿಮ್ ಬ್ರೇಕ್ ಕ್ಯಾಲಿಪರ್‌ಗೆ ತಾಗತೈತೇನು ಅಂತ ಹಾಕಿ ತಿರುಗಿಸಿ ನೋಡಿ ತಗೋರಿ. ಸೈಡ್‌ವಾಲ್ ಎತ್ತರ ಆಗತೈತಿ, ಕಲ್ಲಿಗೆ ರಿಮ್ ಬಗ್ಗಂಗಿಲ್ಲ. ಎಲ್‌ಟಿ (ಲೈಟ್ ಟ್ರಕ್) ಅಂತ ಬರೆದಿರೂ ಆಲ್ ಟೆರೇನ್ ಟೈರ್ ತಗೋರಿ.

ಗಾಳಿ: ತುಂಬಿದ ಗಾಡಿ, ಟಾರ್ ರೋಡಿಗೆ ಮುಂದ 36 ಪಿಎಸ್‌ಐ, ಹಿಂದ 40. ಖಡಿ ರಸ್ತಾಕ್ಕ 26–28, ಸ್ಪೀಡು 70 ದಾಟಬ್ಯಾಡ್ರಿ. ಮರಳಿಗೆ 16–18. ಸಿಕ್ಕೊಂಡ್ರ 12, ಆದ್ರ ಸ್ಟೇರಿಂಗ್ ಜೋರ ತಿರುವಿದ್ರ ಟೈರ್ ರಿಮ್ ಬಿಡತೈತಿ. ಟಾರ್ ರೋಡಿಗೆ ವಾಪಸ್ ಹತ್ತಿದ ಕೂಡ್ಲೆ ಗಾಳಿ ತುಂಬ್ರಿ. ಕಡಿಮಿ ಗಾಳ್ಯಾಗ 80ರಾಗ ಓಡಿಸಿದ್ರ ಸೈಡ್‌ವಾಲ್ ಕಾದು ಒಡೀತೈತಿ. ಪಂಕ್ಚರ್ ಬತ್ತಿ ಕಿಟ್ಟು ಎರಡು ಇರಲಿ, ಮುಳ್ಳಿನ ದೇಶ ಅದು.

ನೈರೋಬಿ_ಮಾವ

ಖಡಿ ರಸ್ತೆ ಅಂದ್ರಲ್ಲ, ನಮೀಬಿಯಾದ ಬಗ್ಗೆ ಒಂದು ಮಾತು ಸೇರಿಸ್ತೀನಿ. ಅಲ್ಲಿನ ಜಲ್ಲಿ ರಸ್ತೆ ಅಗಲ, ನೇರ, ಖಾಲಿ. ಮಿತಿ 80 ಅಂತ ಬೋರ್ಡ್ ಇದ್ರೂ ಕಾಲು 100ಕ್ಕೆ ಹೋಗುತ್ತೆ. ಪ್ರವಾಸಿಗರ ಗಾಡಿ ಪಲ್ಟಿ ಆಗೋದು ಅಲ್ಲೇ, ಎದುರಿಗೆ ಯಾರೂ ಇಲ್ಲದಾಗಲೇ. ಅಂಚಿನ ಸಡಿಲ ಜಲ್ಲಿಗೆ ಎಡಚಕ್ರ ಹೋದ ತಕ್ಷಣ ಬಲಕ್ಕೆ ಎಳೆದ್ರೆ ಮುಗೀತು. ಕಾಲು ತೆಗೆದು ಸುಮ್ಮನೆ ಬಿಡಿ.

ಕಸಾನೆಯಿಂದ ಮೌನ್‌ಗೆ ಟಾರ್ ರೋಡ್ ನಾಟಾ ಮೇಲೆ ಇದೆ, ಬಂಕ್‌ಗಳೂ ಇವೆ. ಸವುಟಿ, ಖ್ವಾಯ್ ಅನ್ನೋ ಕಾಡು ಪ್ರದೇಶಗಳ ಮೂಲಕ ಹೋಗೋ ಆಸೆ ಇದ್ರೆ ಮಾತ್ರ ಆ ಎರಡು ಡೀಸೆಲ್ ಕ್ಯಾನಿಗೆ ಅರ್ಥ ಇದೆ. ಆಳ ಮರಳು, ಲೋ ಗೇರಲ್ಲಿ ಲೀಟರಿಗೆ ನಾಲ್ಕೂವರೆ ಐದು ಕಿ.ಮೀ., ಮಧ್ಯೆ ಬಂಕ್ ಇಲ್ಲ. 80 ಲೀಟರ್ ಟ್ಯಾಂಕ್, 40 ಲೀಟರ್ ಕ್ಯಾನ್, 540 ಕಿ.ಮೀ. ಬರುತ್ತೆ, ಪ್ರಾಣಿ ನೋಡೋ ಸುತ್ತಾಟಕ್ಕೂ ಸಾಕು. ಒಂಟಿ ಗಾಡಿಯಲ್ಲಿ ಹೋಗಬೇಡಿ, ಕಸಾನೆಯ ಕ್ಯಾಂಪಲ್ಲಿ ಜೊತೆ ಸಿಗ್ತಾರೆ. ಗಾಡಿಯಲ್ಲಿ ಕಿತ್ತಳೆ, ಮೋಸಂಬಿ ಇಟ್ಕೊಂಡು ಮಲಗಬೇಡಿ, ಆನೆಗೆ ಆ ವಾಸನೆ ಕಿಲೋಮೀಟರ್ ದೂರದಿಂದ ಗೊತ್ತಾಗುತ್ತೆ. ಚಪ್ಪಲಿ ಹೊರಗೆ ಬಿಟ್ರೆ ಕತ್ತೆಕಿರುಬ ಒಯ್ಯುತ್ತೆ.

ಟಾಂಜಾನಿಯಾದಲ್ಲಿ ಊರೊಳಗೆ 50. ಮರದ ಹಿಂದೆ ಬಿಳಿ ಸಮವಸ್ತ್ರದ ಪೊಲೀಸ್ ಸ್ಪೀಡ್ ಗನ್ ಹಿಡಿದು ನಿಂತಿರ್ತಾರೆ, ನಿಜವಾಗಿ ಅಳೀತಾರೆ, ಫೋಟೋ ತೋರಿಸ್ತಾರೆ. ದಂಡ 30,000 ಶಿಲಿಂಗ್, ರಸೀದಿ ಕೇಳಿ. ಊರು ಮುಗಿದ ಬೋರ್ಡ್ ಕಾಣೋವರೆಗೆ 50ರಲ್ಲೇ ಇರಿ, ಮನೆ ಮುಗೀತು ಅಂತ ಏರಿಸಬೇಡಿ. ಅಗ್ನಿಶಾಮಕ ಸಿಲಿಂಡರ್, ಎರಡು ತ್ರಿಕೋನ, ಪ್ರತಿಫಲಿಸೋ ಜಾಕೆಟ್ ಕೈಗೆ ಸಿಗೋ ಹಾಗಿರಲಿ. ಜಾಂಬಿಯಾ, ಜಿಂಬಾಬ್ವೆಗೆ ಮುಂದೆ ಬಿಳಿ, ಹಿಂದೆ ಕೆಂಪು ರಿಫ್ಲೆಕ್ಟರ್ ಪಟ್ಟಿ. ಆ ಎರಡೂ ದೇಶಗಳಲ್ಲಿ ಸೈನ್ಯದ ಮಾದರಿಯ ಹಸಿರು ಮಚ್ಚೆ ಬಟ್ಟೆ ಹಾಕಂಗಿಲ್ಲ, ಟೋಪಿಯೂ ಸೇರಿ.

ಪ್ಲಾಸ್ಟಿಕ್ ಕ್ಯಾರಿ ಬ್ಯಾಗ್ ಕೀನ್ಯಾದಲ್ಲಿ 2017ರಿಂದ, ಟಾಂಜಾನಿಯಾದಲ್ಲಿ 2019ರ ಜೂನ್‌ನಿಂದ ನಿಷೇಧ. ನಮ್ಮವರು ಸಾರಿನಪುಡಿ, ಚಟ್ನಿಪುಡಿ ಎಲ್ಲ ಕವರಲ್ಲೇ ಕಟ್ಟಿಕೊಂಡು ಬರ್ತಾರೆ, ಸ್ಟೀಲ್ ಡಬ್ಬಿಗೆ ಹಾಕಿ. ಅಕ್ಕಿ, ಬೇಳೆ ಹೊತ್ತು ತರಬೇಡಿ, ನೈರೋಬಿ, ಅರೂಷಾ, ಲುಸಾಕಾದಲ್ಲಿ ಭಾರತೀಯರ ಅಂಗಡಿ ಇವೆ. ರಾಗಿಯಂತೂ ಇಲ್ಲಿಂದಲೇ ನಮಗೆ ಬಂದ ಧಾನ್ಯ, ಮಾರುಕಟ್ಟೆಯಲ್ಲಿ ‘ವಿಂಬಿ’ ಅಂತ ಕೇಳಿ, ಹಿಟ್ಟೂ ಸಿಗುತ್ತೆ. ಸಸ್ಯಾಹಾರಿಗಳಿಗೆ ದಾರಿಬದಿ ಹೋಟೆಲಲ್ಲಿ ಚಪಾತಿ, ಮಹರಾಗೆ ಅಂದ್ರೆ ಹುರುಳಿಕಾಯಿ ಜಾತಿಯ ಕಾಳಿನ ಪಲ್ಯ, ಸುಕುಮಾ ವಿಕಿ ಸೊಪ್ಪು ಸಿಗುತ್ತೆ. ಮೂರು ಲೀಟರಿನ ಕುಕ್ಕರ್ ಒಂದು ಸಾಕು. ಗ್ಯಾಸ್ ಸಿಲಿಂಡರ್ ಕಂಟೇನರ್‌ನಲ್ಲಿ ಹಾಕಂಗಿಲ್ಲ, ಮೊಂಬಾಸಾದಲ್ಲಿ ತಲೆಮೇಲೆ ಬರ್ನರ್ ಇರೋ 6 ಕೆ.ಜಿ. ಸಿಲಿಂಡರ್ ತಗೊಳ್ಳಿ, ‘ಮೆಕೊ’ ಅಂದ್ರೆ ಕೊಡ್ತಾರೆ. ಜಾಂಬಿಯಾ ದಾಟಿದ ಮೇಲೆ ಅದು ತುಂಬಿಸೋಕೆ ಆಗದೆ ಹೋಗಬಹುದು, ಅಲ್ಲಿ ದಕ್ಷಿಣ ಆಫ್ರಿಕಾ ಮಾದರಿಯದಕ್ಕೆ ಬದಲಿಸಿ.

ಡಾಲರ್ ನೋಟು 2013ರ ನಂತರ ಮುದ್ರಣವಾದದ್ದು, ಗೆರೆ, ಶಾಯಿ, ಹರಕು ಇಲ್ಲದ್ದು. 2006ಕ್ಕಿಂತ ಹಿಂದಿನದನ್ನ ಯಾರೂ ಮುಟ್ಟಲ್ಲ. ನಮೀಬಿಯಾದಲ್ಲಿ ದಕ್ಷಿಣ ಆಫ್ರಿಕಾದ ರ‍್ಯಾಂಡ್ ಸಮಸಮ ನಡೆಯುತ್ತೆ, ಉಲ್ಟಾ ನಡೆಯಲ್ಲ.

ಸೆರೆಂಗೆಟಿಗೆ ನಿಮ್ಮ ಗಾಡಿ ಒಯ್ಯಬೇಡಿ. ವಿದೇಶಿ ನೋಂದಣಿಯ ಗಾಡಿಗೆ ಪ್ರವೇಶ ಶುಲ್ಕ ಸ್ಥಳೀಯ ಗಾಡಿಗಿಂತ ಹಲವು ಪಟ್ಟು. ಅರೂಷಾದಲ್ಲಿ ಜೀಪ್ ಬಾಡಿಗೆಗೆ ಹಿಡಿಯಿರಿ, ನಿಮ್ಮದು ಕ್ಯಾಂಪಲ್ಲಿ ಇರಲಿ.

ಡಾಕ್ಟ್ರು_ಸಾಗರ

ಹಳದಿ ಜ್ವರದ ಲಸಿಕೆ: ಒಂದೇ ಡೋಸ್, ಹಾಕಿಸಿದ ಹತ್ತನೇ ದಿನದಿಂದ ಪ್ರಮಾಣಪತ್ರ ಚಾಲ್ತಿ, 2016ರ ಜುಲೈ ನಿಯಮದ ಪ್ರಕಾರ ಜೀವನಪೂರ್ತಿ. ಸರ್ಕಾರ ಗುರುತಿಸಿದ ಕೇಂದ್ರದಲ್ಲೇ ಆಗಬೇಕು. ಒಂದು ವಯಲ್ ಹಲವರಿಗೆ ಹಂಚೋದ್ರಿಂದ ನಿಗದಿತ ದಿನಗಳಲ್ಲಿ ಮಾತ್ರ ಹಾಕ್ತಾರೆ, ಮುಂಚೆ ದಿನ ಗೊತ್ತುಮಾಡಿಕೊಳ್ಳಿ. ಜೀವಂತ ವೈರಸ್‌ನ ಲಸಿಕೆ, ಮೊಟ್ಟೆಯ ತೀವ್ರ ಅಲರ್ಜಿ ಇರೋರು ಮೊದಲೇ ಹೇಳಬೇಕು. ಪಟ್ಟಿಯಲ್ಲಿರೋ ದೇಶಗಳಿಂದ ಹಳದಿ ಪುಸ್ತಕ (ಈ ಲಸಿಕೆಯ ಪ್ರಮಾಣಪತ್ರ) ಇಲ್ಲದೆ ಭಾರತಕ್ಕೆ ಮರಳಿದ್ರೆ ಆರು ದಿನದವರೆಗೆ ಪ್ರತ್ಯೇಕವಾಸ, ಕೀನ್ಯಾ ಆ ಪಟ್ಟಿಯಲ್ಲಿದೆ.

ಮಲೇರಿಯಾ ಅಲ್ಲಿ ಬಹುತೇಕ ಫಾಲ್ಸಿಪಾರಂ ಅನ್ನೋ ಅಪಾಯದ ಬಗೆ, ಕ್ಲೋರೋಕ್ವಿನ್ ಕೆಲಸ ಮಾಡಲ್ಲ. ಡಾಕ್ಸಿಸೈಕ್ಲಿನ್ 100 ಮಿ.ಗ್ರಾಂ ದಿನಕ್ಕೊಂದು, ಹೋಗೋ ಒಂದೆರಡು ದಿನ ಮುಂಚೆ ಶುರು, ಮಲೇರಿಯಾ ಪ್ರದೇಶ ಬಿಟ್ಟ ಮೇಲೂ 28 ದಿನ. ಊಟದ ಜೊತೆ, ತುಂಬು ಲೋಟ ನೀರಿನಲ್ಲಿ, ನುಂಗಿ ತಕ್ಷಣ ಮಲಗಬಾರದು, ಅನ್ನನಾಳ ಸುಡುತ್ತೆ. ಬಿಸಿಲಿಗೆ ಚರ್ಮ ಬೇಗ ಕೆಂಪಾಗುತ್ತೆ. ಅಟೊವಾಕ್ವೋನ್-ಪ್ರೊಗ್ವಾನಿಲ್ ಆದ್ರೆ ಬಿಟ್ಟ ಮೇಲೆ ಏಳು ದಿನ ಸಾಕು, ಬೆಲೆ ಜಾಸ್ತಿ. ಯಾವುದು ನಿಮಗೆ ಆಗುತ್ತೆ ಅಂತ ನಿಮ್ಮ ವೈದ್ಯರ ಹತ್ತಿರ ತೀರ್ಮಾನ ಮಾಡಿ. ಮಾತ್ರೆ ತಗೊಂಡಿದ್ರೂ ಜ್ವರ ಬಂದ್ರೆ ಅದೇ ದಿನ ರಕ್ತಪರೀಕ್ಷೆ. ಊರಿಗೆ ಬಂದ ಮೇಲೆ ತಿಂಗಳುಗಳ ನಂತರ ಜ್ವರ ಬಂದ್ರೂ ಆಫ್ರಿಕಾಕ್ಕೆ ಹೋಗಿದ್ದೆ ಅಂತ ವೈದ್ಯರಿಗೆ ಹೇಳಿ.

ಸೆಟ್‌ಸಿ ಅನ್ನೋ ಕಚ್ಚೋ ನೊಣ ಕಡು ನೀಲಿ, ಕಪ್ಪು ಬಣ್ಣಕ್ಕೆ ಬರುತ್ತೆ. ಜೀನ್ಸ್ ಬಿಟ್ಟು ಖಾಕಿ, ಬೂದು ಬಣ್ಣ.

ಔಷಧಿ ಚೀಲದಿಂದ ಡೈಫೆನ್‌ಹೈಡ್ರಮಿನ್ ಇರೋ ಕೆಮ್ಮಿನ ಸಿರಪ್, ಕೋಡೀನ್ ಇರೋದು ಎರಡನ್ನೂ ತೆಗೆದುಹಾಕಿ. ಜಾಂಬಿಯಾದಲ್ಲಿ ಅವು ನಿಯಂತ್ರಿತ ವಸ್ತು, ಜನ ಬಂಧನಕ್ಕೆ ಒಳಗಾಗಿದ್ದಾರೆ. ಉಳಿದದ್ದಕ್ಕೆ ವೈದ್ಯರ ಚೀಟಿ ಇರಲಿ, ಮಾತ್ರೆ ಅದರ ಸ್ಟ್ರಿಪ್‌ನಲ್ಲೇ ಇರಲಿ.

ಕರಾವಳಿ_ಕಂಟೇನರ್

20 ಅಡಿ ಕಂಟೇನರ್‌ನ ಬಾಗಿಲು 2.34 ಮೀಟರ್ ಅಗಲ, 2.28 ಎತ್ತರ. ನಿಮ್ಮ ಗಾಡಿ 1.855 ಅಗಲ, 1.835 ಎತ್ತರ. ರ್ಯಾಕ್ ಇದ್ದರೂ ಹೋಗುತ್ತೆ, ಮೇಲೆ ಟೆಂಟ್ ಇದ್ರೆ ಅಳೆಯಿರಿ. ಮಧ್ಯದಲ್ಲಿ ನಿಲ್ಲಿಸಿದ್ರೆ ಎರಡೂ ಕಡೆ 24 ಸೆಂ.ಮೀ., ಡ್ರೈವರ್ ಹೊರಗೆ ಬರೋಕಾಗಲ್ಲ, ಕಿಟಕಿ ಇಳಿಸಿ ತೂರಬೇಕು. ಆಮೇಲೆ ಬ್ಯಾಟರಿ ತಂತಿ ಬಿಚ್ಚಿದ್ರೆ ಆ ಕಿಟಕಿ ಏರಲ್ಲ, ಹಾಗೇ ಸಮುದ್ರ ದಾಟುತ್ತೆ. ಕನ್ನಡಿ ಮಡಿಸಿ, ಎಡಗೋಡೆಗೆ ಹತ್ತು ಸೆಂ.ಮೀ. ಬಿಟ್ಟು ನಿಲ್ಲಿಸಿ, ಬಲಗಡೆ 38 ಸಿಗುತ್ತೆ, ಸಣಕಲು ಆಸಾಮಿಯನ್ನ ಓಡಿಸೋಕೆ ಕೂರಿಸಿ. ಬಾನೆಟ್ ಮೊದಲೇ ಸಡಿಲಿಸಿಡಿ. ಡೀಸೆಲ್ ಕಾಲು ಟ್ಯಾಂಕ್‌ಗಿಂತ ಕಮ್ಮಿ. ನಾಲ್ಕೂ ಚಕ್ರಕ್ಕೆ ಮರದ ಅಡೆ ಹೊಡೆದು, ರ್ಯಾಚೆಟ್ ಬೆಲ್ಟ್ ಚಕ್ರದ ಮೇಲೆ ಬಿಗಿಸಿ, ಚಾಸಿಗೆ ಅಲ್ಲ. ಚಾಸಿಗೆ ಬಿಗಿಸಿದ್ರೆ ಹಡಗು ಹೊಯ್ದಾಡುವಾಗ ಸ್ಪ್ರಿಂಗ್ ಕುಗ್ಗಿ ಬೆಲ್ಟ್ ಸಡಿಲ ಆಗುತ್ತೆ.

ಹಡಗು ತಡ ಆಗೋದು ಮಾಮೂಲು. ವಿಮಾನದ ಟಿಕೆಟ್ ಹಡಗು ಹೊರಟ ಮೇಲೆ ಮಾಡಿಸಿ. ಆದರೆ ಗಾಡಿಗಿಂತ ಮುಂಚೆ ನೀವು ಮೊಂಬಾಸಾದಲ್ಲಿ ಇರಬೇಕು, ಉಚಿತ ದಿನ ಮುಗಿದ ಮೇಲೆ ಬಂದರಿನ ಬಾಡಿಗೆ ದಿನದಿಂದ ದಿನಕ್ಕೆ ಏರುತ್ತೆ.

ಪ್ಯಾಡಲ್_ಪುಟ್ಟ

ಇಷ್ಟೆಲ್ಲ ತಲೆನೋವು ಯಾಕೆ? ವಿಂಡ್‌ಹುಕ್‌ನಲ್ಲಿ ಟೆಂಟ್, ಫ್ರಿಜ್, ಪಾತ್ರೆ ಸಮೇತ ಹೈಲಕ್ಸ್ ಬಾಡಿಗೆಗೆ ಕೊಡ್ತಾರಲ್ಲ.

ಕಾಗದಪತ್ರ

ಒಂದು ತಿಂಗಳ ರಜೆಗೆ ಅದೇ ಸರಿ, ನಮೀಬಿಯಾ, ಬೋಟ್ಸ್‌ವಾನಾ ಸುತ್ತಿ ಬರಬಹುದು, ಕಂಪನಿಯ ಗಡಿ ದಾಟೋ ಪತ್ರ ಇದ್ರೆ ಸಾಕು. ನಾಲ್ಕು ತಿಂಗಳು, ಅದೂ ಒಂದು ತುದಿಯಿಂದ ಇನ್ನೊಂದು ತುದಿಗೆ ಅಂದ್ರೆ ದಿನಬಾಡಿಗೆ ಜೊತೆಗೆ ಗಾಡಿ ವಾಪಸ್ ಒಯ್ಯೋ ಶುಲ್ಕ ಸೇರಿ ಲೆಕ್ಕ ತಿರುಗಿಬೀಳುತ್ತೆ. ಘಾಟಿ ಅವರೇ, ನಿಮ್ಮ ದಕ್ಷಿಣ ಆಫ್ರಿಕಾ ವೀಸಾ ಯೋಚನೆ ಮಾಡಿದ್ರಾ? ಇಡೀ ಪ್ಲಾನ್‌ನಲ್ಲಿ ಬಿಗಿ ಇರೋದು ಅಲ್ಲಿ.

ಘಾಟಿ_ಗಾಡಿ

ಕೊನೆಯ ದೇಶ ತಾನೇ, ದಾರಿಯಲ್ಲಿ ಲುಸಾಕಾದಲ್ಲೋ ವಿಂಡ್‌ಹುಕ್‌ನಲ್ಲೋ ಮಾಡಿಸೋಣ ಅಂತಿದ್ವಿ. ಇನ್ನೊಂದು, ಸ್ಯಾಟಲೈಟ್ ಮೆಸೆಂಜರ್ ಇಲ್ಲೇ ತಗೊಳ್ಳೋದಾ?

ಕಾಗದಪತ್ರ

ಎರಡೂ ಬೇಡ.

ದಕ್ಷಿಣ ಆಫ್ರಿಕಾದ ದೂತಾವಾಸಗಳು ಸಾಮಾನ್ಯವಾಗಿ ಆ ದೇಶದಲ್ಲಿ ವಾಸದ ಪರವಾನಗಿ ಇರೋರ ಅರ್ಜಿಯನ್ನಷ್ಟೇ ತಗೊಳ್ತವೆ. ಗಡಿಯಲ್ಲಿ ನಮಗೆ ವೀಸಾ ಕೊಡಲ್ಲ. ಭಾರತದಿಂದಲೇ ಆಗಬೇಕು, ವೀಸಾ ಮೇಲೆ ಬರೆದ ದಿನಾಂಕದೊಳಗೆ ಪ್ರವೇಶ ಆಗಬೇಕು. ಅರ್ಜಿಯಲ್ಲಿ ಪ್ರವೇಶದ ತಿಂಗಳು ಸೆಪ್ಟೆಂಬರ್ ಅಂತ ಸ್ಪಷ್ಟ ಬರೆದು, ಭೂಮಾರ್ಗದ ವಿವರ, ಕಾರ್ನೆಟ್ ಪ್ರತಿ ಲಗತ್ತಿಸಿ. ಬಂದ ದಿನಾಂಕ ಹೊಂದದಿದ್ರೆ ಪರ್ಯಾಯ ಇಟ್ಕೊಳ್ಳಿ: ವಿಂಡ್‌ಹುಕ್‌ನಿಂದ ಪಶ್ಚಿಮಕ್ಕೆ ತಿರುಗಿ ವಾಲ್ವಿಸ್ ಬೇ ಬಂದರಿನಿಂದ ಗಾಡಿ ಹಡಗು ಹತ್ತಿಸೋದು. ಆಗ ಕಾರ್ನೆಟ್ಟಿನ ನಿರ್ಗಮನ ಮುದ್ರೆ ಅಲ್ಲೇ. ಪಾಸ್‌ಪೋರ್ಟ್‌ನಲ್ಲಿ ಪ್ರತಿ ದೇಶಕ್ಕೆ ಎರಡು ಖಾಲಿ ಪುಟದ ಲೆಕ್ಕ ಇಡಿ, ಕಮ್ಮಿ ಇದ್ರೆ 60 ಪುಟದ ಹೊಸದು ಮಾಡಿಸಿ, ಆದರೆ ಕಾರ್ನೆಟ್ ಅರ್ಜಿ ಹಾಕೋ ಮುಂಚೆ.

ಸ್ಯಾಟಲೈಟ್ ಸಾಧನ ಭಾರತದಲ್ಲಿ ಪರವಾನಗಿ ಇಲ್ಲದೆ ಇಟ್ಕೊಳ್ಳೋದೇ ಅಪರಾಧ, ವಿಮಾನ ನಿಲ್ದಾಣದಲ್ಲಿ ಹಿಡಿದಿದ್ದಾರೆ. ಅಲ್ಲೇ ಬಾಡಿಗೆಗೆ ತಗೊಂಡು ಅಲ್ಲೇ ಬಿಟ್ಟು ಬನ್ನಿ. ಡ್ರೋನ್ ಮನೆಯಲ್ಲೇ ಇರಲಿ, ಅನುಮತಿ ಇಲ್ಲದಿದ್ರೆ ಕೀನ್ಯಾದಲ್ಲಿ ಒಳಗೆ ಬರುವಾಗಲೇ ಇಟ್ಕೊಳ್ತಾರೆ.

ಘಾಟಿ_ಗಾಡಿ

ಸರಿ. ಬಂಪರ್, ವಿಂಚ್, ಡ್ರಾಯರ್, ರೂಫ್ ಟೆಂಟ್ ನಾಲ್ಕೂ ಕ್ಯಾನ್ಸಲ್. 17 ಇಂಚಿನ ರಿಮ್ ನೋಡ್ತಿದ್ದೀವಿ. ಕೊನೇ ಪ್ರಶ್ನೆ, ಫ್ರಿಜ್ ಬೇಕಾ? ಅದಕ್ಕೇ ಎರಡನೇ ಬ್ಯಾಟರಿ, ಎರಡೂ ಸೇರಿ 65 ಕೆ.ಜಿ.

ಸ್ಪ್ಯಾನರ್_14

40 ಲೀಟರ್ ಫ್ರಿಜ್ ಬಿಸಿಲಲ್ಲಿ ದಿನಕ್ಕೆ 35–45 ಆಂಪಿಯರ್ ಅವರ್ ಕುಡಿಯುತ್ತೆ. 100 ಆಂಪಿಯರ್ ಅವರ್‌ನ ಎಜಿಎಂನಲ್ಲಿ (ಸೀಲ್ ಮಾಡಿದ ಸೀಸದ ಬ್ಯಾಟರಿ) ಅರ್ಧ ಮಾತ್ರ ಬಳಸಬಹುದು, ಅಂದ್ರೆ ಗಾಡಿ ನಿಂತಲ್ಲೇ ಇದ್ರೆ ಒಂದು ದಿನ. ಲಿಥಿಯಂ ಫಾಸ್ಫೇಟ್ ಆದ್ರೆ 12 ಕೆ.ಜಿ., ಎರಡು ದಿನ. ಬಿಎಸ್-6 ಗಾಡಿಯ ಆಲ್ಟರ್ನೇಟರ್ ವೋಲ್ಟೇಜ್ ಏರಿಳಿಯುತ್ತೆ, ನೇರ ಜೋಡಿಸಬೇಡಿ, ಡಿಸಿ-ಡಿಸಿ ಚಾರ್ಜರ್ ಬೇಕೇ ಬೇಕು. ಮಾಂಸ ತಿನ್ನೋರಾದ್ರೂ ಬೋಟ್ಸ್‌ವಾನಾದ ಪಶುರೋಗ ಬೇಲಿಗಳಲ್ಲಿ ಹಸಿ ಮಾಂಸ ತಡೀತಾರೆ, ಶೂ ಕೂಡ ಔಷಧಿ ನೀರಲ್ಲಿ ಅದ್ದಿಸ್ತಾರೆ. ನೀವು ಅನ್ನ, ಸಾರು, ಸೊಪ್ಪು ಅಂತಿದ್ರೆ ಫ್ರಿಜ್ ಬಿಡಿ. ಬ್ಯಾಟರಿಯೂ ಹೋಗುತ್ತೆ, ಫೋನ್ ಚಾರ್ಜ್ ಗಾಡಿಯಲ್ಲೇ ಆಗುತ್ತೆ. ಪ್ಲಗ್ ಬೇಕಂದ್ರೆ, ಬ್ರಿಟಿಷ್ ಮಾದರಿಯ ಚೌಕ ಪಿನ್ನಿನ ಅಡಾಪ್ಟರ್ ಜಾಂಬಿಯಾವರೆಗೆ, ನಮೀಬಿಯಾ, ದಕ್ಷಿಣ ಆಫ್ರಿಕಾದಲ್ಲಿ ನಮ್ಮ ಗೀಸರ್‌ನ ದಪ್ಪ ಮೂರು ಪಿನ್ ಹಾಗೇ ಕೂರುತ್ತೆ.

ಕಾಗದಪತ್ರ

ನನ್ನದೊಂದು ಉಳಿದಿದೆ. ವಾಪಸ್ ನ್ಹಾವಾ ಶೇವಾದಲ್ಲಿ ಗಾಡಿ ಇಳಿದಾಗ ಕಸ್ಟಮ್ಸ್‌ನವರ ಕೈಲಿ ಕಾರ್ನೆಟ್ ಮೇಲೆ ಮರುಪ್ರವೇಶದ ಮುದ್ರೆ ಹಾಕಿಸಿ. ಕ್ಲಿಯರಿಂಗ್ ಏಜೆಂಟ್ ‘ಗಾಡಿ ಕೈಗೆ ಬಂತಲ್ಲ ಸರ್’ ಅಂದ್ರೂ ಬಿಡಬೇಡಿ. ಕಾರ್ನೆಟ್‌ನ ಒಂದು ವರ್ಷ ಮುಗಿಯೋ ಮುಂಚೆ ಪುಸ್ತಕ ಮುಂಬೈ ಕಚೇರಿಗೆ ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ, ಎಲ್ಲ ಪುಟದ ಸ್ಕ್ಯಾನ್ ನಿಮ್ಮ ಹತ್ತಿರ ಇರಲಿ. ಗ್ಯಾರಂಟಿ ಬಿಡುಗಡೆ ಪತ್ರ ಬ್ಯಾಂಕಿಗೆ ಹೋಗಿದೆಯಾ ಅಂತ ನೀವೇ ಶಾಖೆಗೆ ಹೋಗಿ ಕೇಳಬೇಕು, ಅವರಾಗಿ ಫೋನ್ ಮಾಡಿ ಹೇಳ್ತಾರೆ ಅಂತ ಕಾಯಬೇಡಿ.